ಕೆಂಪು ಬಳಿದಲ್ಲಿ ಹುಟ್ಟದ ಜಾಲಿ

ಪಿತೃಪಕ್ಷದ ದಿನಗಳು. ಮಳೆ ಮುಗಿದು, ಗರ್ಬಾ ಪೆಂಡಾಲಿಗೆ ಬೊಂಬು ನೆಡುವ ಸದ್ದು ವಡೋದರಾದ ಓಣಿ ಓಣಿಯಲ್ಲಿ ಕೇಳುತ್ತಿತ್ತು. ಶುಕ್ರವಾರ ಬೆಳಗಿನ ಹತ್ತು ಗಂಟೆಗೇ ಮಕರಪುರದ ಕಾರ್ಖಾನೆಗಳ ಹಿಂದಿನ ಏರಿಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಮಂದಾಕಿನಿ ಮೇಡಂ ಏರಿಯಿಂದ ಇಳಿದು ವಿಶ್ವಾಮಿತ್ರಿ ನದಿಯ ಕಡೆಗೆ ನಡೆದೇ ಬಿಟ್ಟರು.

“ಮೇಡಮ್ಮಾರ, ಅಲ್ಲೇ ನಿಲ್ರಿ. ಮೊಸಳಿ ಅದಾವ,” ಎಂದೆ.

“ಇರಲಿ ಬಿಡಿ ಹಾಲಪ್ಪನವರೇ. ಈ ಒಣಕಲು ಮುದುಕಿ ಅದಕ್ಕೇನು ರುಚಿಸುತ್ತೆ?”

ನಾನು ಅವರ ಕಾರು ಓಡಿಸುವವನು. ಅವರು ವಿಮಾ ಕಂಪನಿಯಲ್ಲಿ ನೆರೆಹಾವಳಿಯ ನಷ್ಟ ನೋಡುತ್ತಲೇ ತಲೆ ಹಣ್ಣಾದವರು. ಗೋಡೆಯ ಮೇಲಿನ ಕೆಸರಿನ ಗೆರೆ ಕಂಡರೆ ಸಾಕು, ನೀರು ಎಲ್ಲಿಂದ ಬಂತು, ಎಷ್ಟು ಹೊತ್ತು ನಿಂತಿತು ಎಂದು ಹೇಳುತ್ತಿದ್ದರು. ಒಣ ಕೋಲೊಂದನ್ನು ಊರಿಕೊಂಡು ನಾನೂ ಹಿಂದೆ ಇಳಿದೆ.

ಮಹಾಪೂರ ಇಳಿದ ಮೇಲೆ ಸುಧನ್ವನ ಹೆಣ ಕೆಳದಂಡೆಯಲ್ಲಿ ಸಿಕ್ಕಿತ್ತು. ತಲೆಯ ಹಿಂದಿನ ಪೆಟ್ಟು ಮೊಸಳೆಯದೂ ಅಲ್ಲ, ನೀರಿನದೂ ಅಲ್ಲ ಎಂದು ಡಾಕ್ಟರು ಬರೆದಿದ್ದರು. ಅವನ ಜೊತೆ ಕೆಲಸ ಮಾಡುತ್ತಿದ್ದ ರೋಹನ್ ನಿನ್ನೆ ಸಂಜೆಯಿಂದ ಪೊಲೀಸ್ ಠಾಣೆಯಲ್ಲಿದ್ದ.

ಇವತ್ತು ಸಂಜೆಯೊಳಗೆ ಅವನನ್ನು ಕೋರ್ಟಿಗೆ ಒಯ್ಯುವವರಿದ್ದರು. ಆಮೇಲೆ ಜೈಲು. ರೋಹನ್‌ನ ತಾಯಿ ಕಮಲಾಕ್ಷಮ್ಮ ನಿನ್ನೆ ಮೇಡಂ ಮನೆಯ ಹೊಸ್ತಿಲ ಮೇಲೆ ಕೂತು, “ಇರೂದು ಒಬ್ಬಾಂವ ರೀ. ಹೆಂಗರ ಮಾಡಿ ಬಿಡಿಸಿಕೊಡ್ರಿ,” ಎಂದು ಸೆರಗು ಬಾಯಿಗಿಟ್ಟುಕೊಂಡಿದ್ದರು. ಗಂಡ ರೈಲ್ವೆಯಲ್ಲಿದ್ದವರು, ಈಗಿಲ್ಲ. ಚಿತ್ರದುರ್ಗದ ಕಡೆಯ ಹುಡುಗ ಸುಧನ್ವ ಅವರ ಮನೆಯ ಮಹಡಿಯ ಕೋಣೆಯಲ್ಲೇ ಬಾಡಿಗೆಗಿದ್ದ.

ಮೇಡಂ ಕೆಳಗಿನ ತಗ್ಗಿನಲ್ಲಿ ನಿಂತರು. ಸುತ್ತ ಗೇಣುದ್ದದ ಸಸಿಗಳು, ಯಾರೋ ಬೀಜ ಬಿತ್ತಿ ಬೆಳೆಸಿದ ಹಾಗೆ ದಟ್ಟವಾಗಿ ಎದ್ದಿದ್ದವು.

“ಇದೇ ಏನು?”

“ಇದೇ ರಿ. ನಮ್ಮ ಬಳ್ಳಾರಿ ಜಾಲಿ. ಇಲ್ಲಿಯವರು ಗಾಂಡೊ ಬಾವಳ ಅಂತಾರ. ಹುಚ್ಚು ಜಾಲಿ.”

ಹೊರದೇಶದಿಂದ ಬಂದ ಗಿಡ ಅದು. ಒಮ್ಮೆ ಬೇರು ಬಿಟ್ಟರೆ ಬೇರೆ ಗಿಡಕ್ಕೆ ಜಾಗ ಕೊಡುವುದಿಲ್ಲ. ಪ್ರವಾಹದಲ್ಲಿ ಅದರ ಕಾಯಿ ತೇಲಿಬಂದು, ನೀರು ನಿಧಾನವಾದಲ್ಲಿ ನಿಂತು, ಅಲ್ಲೇ ಮೊಳೆಯುತ್ತದೆ. ಈ ನದಿಯ ಬಯಲಿನಲ್ಲಿ ಮುಂದೆ ಅದು ಎಲ್ಲೆಲ್ಲಿ ಹಬ್ಬುತ್ತದೆ ಎಂದು ಮೊದಲೇ ಹೇಳುವ ನಕ್ಷೆ ಮಾಡುವುದು ಸುಧನ್ವನ ಕೆಲಸ. ಈಗಿರುವ ಒಂದೊಂದು ಗಿಡದ ಬುಡಕ್ಕೂ ಹೋಗಿ ನಿಂತು, ಫೋನಿನಲ್ಲಿ ಗುರುತು ಒತ್ತಿ ಬರುವುದು ರೋಹನ್‌ನ ಕೆಲಸ. ಆ ಗುರುತುಗಳನ್ನೂ ನೆಲದ ಏರುತಗ್ಗನ್ನೂ ಕೂಡಿಸಿ, ಗಿಡ ಬರುವ ಜಾಗಕ್ಕೆ ಕಂಪ್ಯೂಟರು ಕೆಂಪು ಬಳಿಯುತ್ತಿತ್ತು.

ಹುಡುಗರ ಆಫೀಸಿನಿಂದ ಗುರುತುಗಳ ಸಮೇತ ತರಿಸಿಕೊಂಡಿದ್ದ ಆ ನಕ್ಷೆಯ ಪ್ರತಿಯನ್ನು ಮೇಡಂ ಬಿಡಿಸಿ ಹಿಡಿದರು. ಕಾಲ ಕೆಳಗಿನ ಸಸಿಗಳನ್ನು ನೋಡಿದರು, ಕಾಗದ ನೋಡಿದರು, ತಿರುಗಿ ಏರಿಯನ್ನು ನೋಡಿದರು.

“ಹಾಲಪ್ಪನವರೇ, ನಾವು ನಿಂತಿರೋ ಜಾಗ ಇದರಲ್ಲಿ ಬಿಳಿ. ಅಂದರೆ ಗಿಡ ಬರೋದಿಲ್ಲ ಅಂತ. ಕೆಂಪಿರೋದು ಅಲ್ಲಿ, ಏರಿ ಉದ್ದಕ್ಕೂ. ಅಲ್ಲಿ ಒಂದಾದರೂ ಸಸಿ ಕಂಡಿರಾ?”

“ಇಲ್ಲ ರೀ. ಬರೇ ಹುಲ್ಲು, ಬೋರೆ ಪೊದಿ.”

“ನೀರು?”

“ಈ ಊರಿಗೆ ಬಂದಾಗಿಂದ ಹೊಳಿ ಎಷ್ಟೋ ಸಲ ಉಕ್ಕೇತಿ. ಏರಿ ಮ್ಯಾಲೆ ನೀರು ಹತ್ತಿದ್ದು ನಾ ಕಂಡಿಲ್ಲ.”

ಮೊನ್ನೆ ಸುಧನ್ವನ ಬೆನ್ನುಚೀಲ ಸಿಕ್ಕಿದ್ದು ಅಲ್ಲೇ, ಏರಿಯ ಮೇಲಿನ ಬೋರೆ ಪೊದೆಯ ಬುಡದಲ್ಲಿ. ದನ ಕಾಯುವವನೊಬ್ಬ ಇರುವೆ ಸಾಲು ಕಂಡು ಬಗ್ಗಿ ನೋಡಿದ್ದ. ಚೀಲಕ್ಕೆ ಕೆಸರು ಮೆತ್ತಿತ್ತು, ನೀರಲ್ಲಿ ತೇಲಿಬಂದ ಹಾಗೆ. ಆದರೆ ನೀರೇ ಬರದ ಜಾಗಕ್ಕೆ ಚೀಲ ತೇಲಿಬರುವುದು ಹೇಗೆ? ಯಾರೋ ತಂದಿಟ್ಟಿದ್ದಾರೆ ಎಂದು ಇನ್‌ಸ್ಪೆಕ್ಟರ್ ಗೋಹಿಲ್ ಹೇಳಿದ್ದು ಸರಿಯಾಗಿಯೇ ಇತ್ತು. ಅಲ್ಲಿಯ ಗುರುತುಗಳೆಲ್ಲ ರೋಹನ್ ಒತ್ತಿದವು. ಪೂರ ಬರುವ ಹಿಂದಿನ ದಿನ ಇಬ್ಬರೂ ಚಹಾದಂಗಡಿಯ ಮುಂದೆ ಜಗಳವಾಡಿದ್ದನ್ನು ಕಂಡವರಿದ್ದರು. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಮೇಡಂ ಏರಿ ಹತ್ತಿ, ಗಾಡಿದಾರಿಯ ನಡುವೆ ನಿಂತು, ರೋಹನ್ ಒತ್ತಿದ್ದ ಗುರುತುಗಳನ್ನು ತಮ್ಮ ಫೋನಿನಲ್ಲಿ ನೋಡುತ್ತ ನಡೆದರು. ಒಂದು ಗುರುತೂ ದಾರಿ ಬಿಟ್ಟು ಆಚೀಚೆ ಹೋಗಿರಲಿಲ್ಲ. ಪ್ರತಿ ಗುರುತಿನಲ್ಲೂ ನಿಂತು ಕೆಳಗೆ ನೋಡಿದರೆ, ದೂರದಲ್ಲಿ ನೀರಂಚಿಗೆ ಒಂದು ದೊಡ್ಡ ಜಾಲಿಯ ಗಿಡ ಕಾಣುತ್ತಿತ್ತು.

ಅವರು ನಕ್ಕರು. ಆ ನಗೆ ನನಗೆ ಹಿಡಿಸಲಿಲ್ಲ.

“ಅಯ್ಯೋ ಹುಡುಗಾ,” ಎಂದರು. “ಮೊಸಳೆಗೆ ಹೆದರಿ ಕೆಳಗೆ ಇಳಿದೇ ಇಲ್ಲ ಇವನು. ಗಿಡ ಅಲ್ಲಿದ್ದರೆ ಇಲ್ಲಿ ನಿಂತು ಒತ್ತಿದಾನೆ. ಪಾಪದ ಕಂಪ್ಯೂಟರು ಅದನ್ನೇ ನಂಬಿಕೊಂಡು ಏರಿಗೆ ಕೆಂಪು ಬಳಿದಿದೆ. ಗಾಡಿ ತೆಗೀರಿ.”

*

ಠಾಣೆಯಲ್ಲಿ ಗೋಹಿಲ್ ಸಾಹೇಬರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಪಕ್ಕದ ಮೇಜಿನ ಮೇಲೆ, ಹಾಸಿದ ಪೇಪರಿನಲ್ಲಿ ಸುಧನ್ವನ ಸಾಮಾನು ಇತ್ತು: ಕೆಸರು ಒಣಗಿದ ಚೀಲ, ಅಳತೆ ಟೇಪು, ಕೆಟ್ಟ ಫೋನು, ಒಂದು ಸ್ಟೀಲಿನ ಡಬ್ಬಿ.

“ಬನ್ನಿ ಮಂದಾಬೆನ್,” ಎಂದು ಹಿಂದಿಯಲ್ಲಿ ಹೇಳಿ ನಕ್ಕರು. “ನಿಮ್ಮ ಕರ್ನಾಟಕದ ಜನ ಕೆಲಸಕ್ಕೆ ಹೋಗುವಾಗ ಇಷ್ಟೇ ಏನು ಕಟ್ಟಿಕೊಳ್ಳೋದು?”

ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ತಿಕ್ಕಿ ತೊಳೆದ ಡಬ್ಬಿ, ಫಳಫಳ ಹೊಳೆಯುತ್ತಿತ್ತು. ತಳದಲ್ಲಿ ಇರುವೆ ಮುತ್ತಿದ ಒಂದು ತುಣುಕು ಬೆಲ್ಲ.

ಮೇಡಂ ಅದರ ಕಡೆ ಹೆಚ್ಚು ನೋಡಲಿಲ್ಲ. ಅವರ ಮನಸ್ಸೆಲ್ಲ ನಕ್ಷೆಯ ಮೇಲಿತ್ತು.

“ಸಾಹೇಬರೇ, ಚೀಲ ಇಟ್ಟವರು ಏರಿಯ ಮೇಲೇ ಯಾಕೆ ಇಟ್ಟರು?”

“ನೀವೇ ಹೇಳಿ.”

“ಪೂರದ ನೀರು ತಂದು ಹಾಕಿದ ಹಾಗೆ ಕಾಣಲಿ ಅಂತ. ಕೆಂಪು ಇರೋ ಕಡೆ ಕಾಯಿ ತೇಲಿಬಂದು ನಿಲ್ಲುತ್ತೆ, ಅಂದರೆ ಚೀಲವೂ ನಿಲ್ಲುತ್ತೆ ಅಂತ ಅವರ ಲೆಕ್ಕ. ಅವರು ಈ ನಕ್ಷೆಯನ್ನ ನಂಬಿದ್ದರು. ರೋಹನ್‌ನ ಕರೆಸಿ.”

ರೋಹನ್ ಬಂದ. ಒಂದೇ ರಾತ್ರಿಗೆ ಮುಖ ಇಳಿದುಹೋಗಿತ್ತು.

“ಗಿಡದ ಹತ್ತಿರ ಹೋಗಿ ಗುರುತು ಒತ್ತಿದೆಯಾ, ಏರಿ ಮೇಲೆ ನಿಂತು ಒತ್ತಿದೆಯಾ?”

ಹುಡುಗ ನೆಲ ನೋಡಿದ.

“ಹೇಳಪ್ಪ. ನಾಚಿಕೆ ಮುಖ್ಯವೋ, ಜೈಲು ಮುಖ್ಯವೋ?”

“ಮೇಲೆ ನಿಂತೇ, ಆಂಟಿ.” ಅವನ ಕನ್ನಡ ಯಾವಾಗಲೂ ತಡವರಿಸುವಂಥದು, ಅವತ್ತು ಇನ್ನಷ್ಟು. “ಕೆಳಗೆ ಮಗರ್ ಇದಾವೆ. ಒಂದ್ಸಲ ನನ್ನ ಕಾಲ್ ಹತ್ರಾನೇ… ಬಹುತ್ ಡರ್ ಲಗಾ, ಹೆದರಿಬಿಟ್ಟೆ. ಆಮೇಲೆ ನಾನು ಹೋಗೇ ಇಲ್ಲ. ಸಬ್ ಮೇಲಿಂದಾನೇ ಒತ್ತಿದೆ.”

“ಸುಧನ್ವನಿಗೆ ಗೊತ್ತಾಯ್ತಾ?”

“ಹಾ. ಬಯ್ದ. ಎಲ್ಲಾ ಫಿರ್ ಸೇ, ಮೊದಲಿಂದ ಮಾಡು ಅಂದ. ನಾನೇ ಕೆಳಗೆ ಹೋಗಿ ನೋಡ್ತೀನಿ ಅಂದ.”

“ಬೇರೆ ಯಾರಿಗಾದರೂ?”

“ಇಲ್ಲ ಆಂಟಿ. ಅವನಿಗೆ, ನನಗೆ ಅಷ್ಟೇ.”

ಮೇಡಂ ಗೋಹಿಲರ ಕಡೆ ತಿರುಗಿ, ಹುಡುಗ ಹೇಳಿದ್ದನ್ನು ಹಿಂದಿಯಲ್ಲಿ ತಿಳಿಸಿದರು. “ಕೇಳಿಸಿಕೊಂಡಿರಾ? ಈ ಕೆಂಪು ಸುಳ್ಳು ಅಂತ ಬದುಕಿರೋರಲ್ಲಿ ಗೊತ್ತಿರೋದು ಇವನೊಬ್ಬನಿಗೇ. ಚೀಲ ತೇಲಿಬಂತು ಅಂತ ತೋರಿಸಬೇಕಾದ್ರೆ ಇವನು ಕೆಳಗಿನ ತಗ್ಗಿನಲ್ಲಿ ಇಡ್ತಿದ್ದ. ಏರಿ ಮೇಲೆ ಇಟ್ಟವರು ಬೇರೆ ಯಾರೋ.”

ಗೋಹಿಲರು ಮುರಿದ ರೊಟ್ಟಿಯನ್ನು ತಿರುಗಿ ಡಬ್ಬಿಗೆ ಹಾಕಿದರು.

“ಮಂದಾಬೆನ್, ಚೀಲ ಇಟ್ಟವನು ಇವನಲ್ಲ ಅಂತ ತೋರಿಸಿದಿರಿ. ಒಪ್ಪಿದೆ. ಕೊಂದವನು ಇವನಲ್ಲ ಅಂತ ಇನ್ನೂ ತೋರಿಸಿಲ್ಲ.”

“ಚೀಲವಲ್ಲದೆ ನಿಮ್ಮ ಹತ್ತಿರ ಬೇರೆ ಏನಿದೆ?”

“ಜಗಳ ಕಂಡವರಿದ್ದಾರೆ. ಅದೊಂದೇ ಸಾಲದು,” ಎಂದರು ಅವರು, ಬೇಸರದಿಂದ. “ಕರಕೊಂಡು ಹೋಗಿ. ಊರು ಬಿಡಬಾರದು. ಅದಕ್ಕೆ ನೀವು ಜವಾಬ್ದಾರರು.”

ಮೇಡಂ ಹ್ಞೂಂ ಎಂದರು. ತಮ್ಮ ಮಾತನ್ನು ಅವರು ಯಾರಿಗೂ ಸುಲಭಕ್ಕೆ ಕೊಟ್ಟವರಲ್ಲ. ಅವತ್ತು ಕೊಟ್ಟರು.

ಅವರನ್ನು ಮನೆಗೆ ಬಿಟ್ಟು, ರೋಹನ್‌ನನ್ನು ಅವನ ಮನೆಗೆ ಬಿಡಲು ಹೊರಟೆ.  ಓಣಿ ಬಂದಾಗ ಅವನು ಮುಂದಕ್ಕೆ ಬಗ್ಗಿ ಕೇಳಿದ:

“ಕಾಕಾ, ಬ್ಯಾಗ್ ಯಾರು ಇಟ್ರು ಅಂತ ಆಂಟಿ ಪತ್ತೆ ಮಾಡ್ತಾರಾ?”

“ಮಾಡದ ಬಿಡೋ ಪೈಕಿ ಅಲ್ಲ ಅವರು.”

ಅವನು ಹಿಂದಕ್ಕೊರಗಿದ. ಸುಧನ್ವನನ್ನು ಯಾರು ಕೊಂದರು ಅಂತ ಈ ಹುಡುಗ ಕೇಳಲೇ ಇಲ್ಲವಲ್ಲ ಎಂದು ನನಗೆ ಹೊಳೆದದ್ದು ಕಾರು ತಿರುಗಿಸಿಕೊಂಡ ಮೇಲೆ. ಸುಸ್ತಾಗಿದ್ದಾನೆ ಅಂದುಕೊಂಡೆ.

*

ಮರುದಿನ ಬೆಳಿಗ್ಗೆ ಕಮಲಾಕ್ಷಮ್ಮನ ಮನೆಗೆ ಹೋದೆವು. ಬಾಗಿಲಿಗೆ ಹೊಸ ತೋರಣ. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಪೂರದ ಕಂದು ಗೆರೆ ಇನ್ನೂ ಹಾಗೇ ಇತ್ತು. ಕ್ಯಾಲೆಂಡರಿನ ಪಕ್ಕ, ಗೆರೆಗಿಂತ ಮೇಲೆ, ಸುಧನ್ವನ ನಕ್ಷೆ ಅಂಟಿಸಿತ್ತು.

“ಬರ್ರಿ ಅಕ್ಕಾರ! ಹಾಲಪ್ಪಣ್ಣ, ನೀವೂ ಒಳಗ ಬರ್ರಿ. ಗಾಡ್ಯಾಗ ಕುಂದ್ರಬ್ಯಾಡ್ರಿ ಇವತ್ತ.” ಕಮಲಾಕ್ಷಮ್ಮನ ಕಾಲು ನೆಲದ ಮೇಲಿರಲಿಲ್ಲ. ಒಗ್ಗರಣಿ ಚುರುಮುರಿ ತಂದಿಟ್ಟರು, ಮೇಲೆ ಮಿರ್ಚಿ. “ರಾತ್ರಿ ಅಷ್ಟೂ ಅತ್ತಾನ ರೀ. ನಮ್ಮ ಹುಡುಗಗ ಕನ್ನಡದಾಗ ಅಳಾಕೂ ಬರಂಗಿಲ್ಲ. ಗುಜರಾತಿಯೊಳಗ ಅಳತಾನ.”

ನಾವು ನಕ್ಕೆವು. ಅವರೂ ನಕ್ಕು ಕಣ್ಣೊರಸಿಕೊಂಡರು.

“ಎಲ್ಲಿದಾನೆ?” ಎಂದರು ಮೇಡಂ.

“ಶನಿವಾರ ಅಲ್ರೀ. ಹನುಮಪ್ಪಗ ಎಕ್ಕಿ ಹೂವಿನ ಹಾರ ಹಾಕಿ ಬರತೇನಿ ಅಂತ ಹೊತ್ತು ಮೂಡೂದರಾಗ ಹೋದ. ಬರತಾನ ಈಗ.”

ಚಹಾ ಆಯಿತು. ಹೊರಡುವಾಗ ಕಮಲಾಕ್ಷಮ್ಮ ಒಳಗಿನಿಂದ ಮೇಡಂ ಡಬ್ಬಿ ತಂದರು. ಮಗ ಠಾಣೆಯಲ್ಲಿದ್ದಾಗ ಈ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಮೇಡಂ ಮೊಸರನ್ನ ಕಲಸಿ ನನ್ನ ಕೈಲಿ ಕಳಿಸಿದ್ದರು. ಅದೇ ಡಬ್ಬಿ.

ಮೇಡಂ ತೆಗೆದುಕೊಂಡರು. ಒಳಗೆ ಏನೋ ಕಟಕಟ ಎಂದಿತು.

ಅವರು ಅಲ್ಲೇ ನಿಂತು ಮುಚ್ಚಳ ತೆಗೆದರು.

ತಿಕ್ಕಿ ತೊಳೆದ ಡಬ್ಬಿ. ತಳದಲ್ಲಿ ಒಂದು ತುಣುಕು ಬೆಲ್ಲ.

“ಏನ್ ನೋಡತೀರಿ? ಖಾಲಿ ಡಬ್ಬಿ ತಿರುಗಿ ಕೊಡಬಾರದು ರೀ. ನಮ್ಮವ್ವ ಕಲಿಸಿದ್ದು,” ಎಂದರು ಕಮಲಾಕ್ಷಮ್ಮ.

ನಾನು ಮೇಡಂ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ನಿಧಾನಕ್ಕೆ ಮುಚ್ಚಳ ಹಾಕಿ, ಮತ್ತೆ ಕುರ್ಚಿಯ ಮೇಲೆ ಕುಳಿತರು.

“ಕಮಲಾಕ್ಷಿ, ಬಾಗಿಲು ಹಾಕಿ.”

“ಯಾಕ್ರೀ?”

“ಸುಧನ್ವನ ಡಬ್ಬಿಯಲ್ಲೂ ಬೆಲ್ಲ ಇತ್ತು.”

ಕಮಲಾಕ್ಷಮ್ಮ ಬಾಗಿಲು ಹಾಕಲು ಹೋದವರು ಅಗುಳಿಯ ಮೇಲೆ ಕೈಯಿಟ್ಟು ಹಾಗೇ ನಿಂತರು. ಹೊರಗೆ ಯಾರೋ ಗಾಡಿಯಲ್ಲಿ ಪಾಪಡಿ ಮಾರುತ್ತ ಹೋದರು. ಆ ಕೂಗು ಓಣಿ ದಾಟಿತು.

“ಎಲ್ಲರ ಮನ್ಯಾಗೂ ಬೆಲ್ಲ ಇರತೈತಿ,” ಎಂದರು, ಬೆನ್ನು ತಿರುಗಿಸಿಕೊಂಡೇ.

“ಇರುತ್ತೆ. ಆದರೆ ಮಳೆಯಲ್ಲಿ ಹೊಳೆಗೆ ಹೋದ ಹುಡುಗನ ಡಬ್ಬಿ ತಿಕ್ಕಿ ತೊಳೆದ ಹಾಗೆ ಇರೋದಿಲ್ಲ. ಕೊಂದು ಬಚ್ಚಿಡುವವನು ಪಾತ್ರೆ ತೊಳೆಯಲ್ಲ ಕಣ್ರೀ. ಸತ್ತ ಹುಡುಗನ ಡಬ್ಬಿ ಅಂತ ಗೊತ್ತಿದ್ದೂ ಅದನ್ನ ಖಾಲಿ ಇಡೋಕೆ ಕೈ ಬರದೆ ಇದ್ದದ್ದು ಯಾರಿಗೆ, ಹೇಳಿ?”

ಕಮಲಾಕ್ಷಮ್ಮ ಬಾಗಿಲಿಗೊರಗಿ ಕೆಳಗೆ ಕುಸಿದರು. ಅಳಲಿಲ್ಲ.

“ನನ್ನ ಕೈಯಾಗಿನ ಅನ್ನ ಉಂಡಾನ ರೀ ಆ ಹುಡುಗ,” ಎಂದರು. “ನಾ ರೊಟ್ಟಿ ಬಡಿಯೂ ಮುಂದ ಒಲಿ ಕಟ್ಟಿ ಮ್ಯಾಲೆ ಕುಂತು ನಕ್ಷೆದ್ದು ಹೇಳತಿದ್ದ. ಅಮ್ಮಾ, ಕೆಂಪು ಇದ್ದಲ್ಲಿ ಹೊಳಿ ತಂದದ್ದೆಲ್ಲ ನಿಲ್ಲತೈತಿ, ಕಾಯಿನೂ ನಿಲ್ಲತೈತಿ, ಕಸಾನೂ ನಿಲ್ಲತೈತಿ ಅಂತ.”

“ಚೀಲ ನಿಮಗೆ ಎಲ್ಲಿ ಸಿಕ್ಕಿತು?”

“ಕೇಳಬ್ಯಾಡ್ರಿ ಅಕ್ಕಾರ.”

“ಕೇಳಲೇಬೇಕು.”

“ಪೂರ ಬಂದ ದಿನ. ಸುಧನ್ವ ಮುಂಜಾನೆ ಹೋದಾಂವ ಬಂದಿರಲಿಲ್ಲ. ಮನಿಯೊಳಗ ನೀರು ನುಗ್ಗಾಕ ಹತ್ತಿತು, ಕೆಳಗಿನ ಸಾಮಾನೆಲ್ಲ ಎತ್ತಿ ಇಡಾಕ ಹತ್ತಿದ್ದೆ. ರೋಹನ್‌ನ ಮಂಚದ ಕೆಳಗ…” ಅವರು ಬೆರಳಿನಿಂದ ಒಳಕೋಣೆ ತೋರಿಸಿದರು. “ತೊಯ್ದಿತ್ತು ಚೀಲ. ಇನ್ನ ನೀರು ಮಂಚಕ್ಕ ಮುಟ್ಟಿರಲಿಲ್ಲ. ಚೀಲ ಅಷ್ಟ ತೊಯ್ದಿತ್ತು.”

ಮೇಡಂ ಕಣ್ಣು ಮುಚ್ಚಿಕೊಂಡರು.

“ರೋಹನ್‌ನ ಕೇಳಲಿಲ್ಲವಾ?”

“ಸುಧನ್ವ ಎಲ್ಲಿ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಎರಡನೇ ಸಲ ಕೇಳಾಕ ನನಗ ಧೈರ್ಯ ಆಗಲಿಲ್ಲ. ಅಟ್ಟದ ಮ್ಯಾಲೆ ಇಟ್ಟೆ. ಪೊಲೀಸರು ಮನಿ ಮನಿ ನೋಡತಾರಂತ ಸುದ್ದಿ ಬಂದ ಮ್ಯಾಲೆ, ಕಾಯಿಪಲ್ಲೆ ಚೀಲದಾಗ ಹಾಕ್ಕೊಂಡು ರಿಕ್ಷಾದಾಗ ಹೋದೆ. ಕೆಸರು ಸವರಿದೆ. ಕೆಂಪು ಇದ್ದಲ್ಲೇ ಇಟ್ಟೆ ರೀ. ಹೊಳಿ ತಂತು ಅಂತ ತಿಳೀಲಿ, ನನ್ನ ಮಗ ಉಳೀಲಿ ಅಂತ.” ಅವರು ತಲೆಯೆತ್ತಿ ಗೋಡೆ ನೋಡಿದರು. “ಅದು ಸುಳ್ಳಂತಲ್ಲ? ನನ್ನ ಮಗಾನ ತಪ್ಪಾಗಿ ಒತ್ತಿದ್ದಂತಲ್ಲ?”

“ಹೌದು.”

“ನನ್ನ ಮಗ ಮಾಡಿದ ತಪ್ಪಿನ ಮ್ಯಾಲೇ ನಾ ಚೀಲ ಇಟ್ಟೆ. ಅದರಿಂದನ ಅವ ಸಿಕ್ಕಬಿದ್ದ.”

“ಅದರಿಂದಲೇ ನಾನು ಬಿಡಿಸಿದೆ,” ಎಂದರು ಮೇಡಂ. ಅವರ ದನಿ ಒಣಗಿತ್ತು. “ಅವನು ಇಟ್ಟಿಲ್ಲ ಅಂತ ತೋರಿಸೋದ್ರಲ್ಲೇ ಮುಳುಗಿಹೋದೆ. ಸುಧನ್ವನಿಗೆ ಅವನ ಕಳ್ಳಾಟ ಗೊತ್ತಾಗಿತ್ತು, ಅದು ಹೊರಗೆ ಬಂದಿದ್ದರೆ ಕೆಲಸ ಹೋಗ್ತಿತ್ತು, ಮರ್ಯಾದೆ ಹೋಗ್ತಿತ್ತು. ಎಲ್ಲಾ ನನ್ನ ಎದುರಿಗೇ ಹೇಳಿದ. ನಾನು ಅದನ್ನ ನಾಚಿಕೆ ಅಂದುಕೊಂಡೆ.”

“ಅವ ಕೊಂದಿಲ್ಲ!”

“ನಿಮಗೆ ಹಾಗನ್ನಿಸಿದ್ದಿದ್ದರೆ ಚೀಲ ಯಾಕೆ ಬಚ್ಚಿಟ್ಟಿರಿ?”

ಕಮಲಾಕ್ಷಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು. ಆ ಪ್ರಶ್ನೆ ಕೇಳಬಾರದಿತ್ತು ಎಂದು ನನಗೆ ಅನ್ನಿಸಿತು. ಕೇಳದೆ ಬಿಡುವಂತೆಯೂ ಇರಲಿಲ್ಲ.

ಆಮೇಲೆ ಅವರು ತಾವಾಗಿಯೇ ಹೇಳಿದರು. “ನಿನ್ನೆ ಊಟಕ್ಕ ಕುಂತಾಗ ಕೇಳಿದ. ಅಮ್ಮಾ, ಬ್ಯಾಗ್ ತೂ ನೇ ರಖಾ? ನೀನೇ ಇಟ್ಟೆಯಾ? ಅಂತ. ಹೂಂ ಅಂದೆ. ತಾಟು ಸರಿಸಿ ನನ್ನ ಕಾಲು ಹಿಡಕೊಂಡು ಅಳಾಕ ಹತ್ತಿದ. ಉಳಿಸಿದಿ ಅವ್ವ ಅಂತ ಅಳಾಕತ್ತಾನ ಅಂದಕೊಂಡೆ.”

ಮೇಡಂ ತಟ್ಟನೆ ಎದ್ದರು. “ಯಾವ ಗುಡಿಗೆ ಹೋದ?”

*

ಗುಡಿ ಓಣಿಯ ತುದಿಯಲ್ಲೇ ಇತ್ತು. ಎಣ್ಣೆ ಹಚ್ಚುವವರ ಸಾಲು ಬಾಗಿಲ ಹೊರಗೆ ಬಂದಿತ್ತು. ಅದರಲ್ಲಿ ರೋಹನ್ ಇರಲಿಲ್ಲ. ಹಾರ ಮಾರುವ ಹೆಂಗಸು ನನ್ನನ್ನು ಗುರುತು ಹಿಡಿದಳು.

“ಕಮಲಾಬೆನ್ ಮಗನಾ? ಬೆಳಿಗ್ಗೇನೇ ಹಾರ ತಗೊಂಡ ಕಾಕಾ. ಒಳಗೆ ಹೋಗಲೇ ಇಲ್ಲ. ಸ್ಕೂಟರ್ ಹತ್ತಿ ಸ್ಟೇಶನ್ ಕಡೆ ಹೋದ.”

ಸ್ಟೇಶನ್ನಿನ ಮುಂದೆ ಗಾಡಿ ನಿಲ್ಲಿಸುವ ಜಾಗದಲ್ಲಿ ಸ್ಕೂಟರು ಸಿಕ್ಕಿತು. ಎಕ್ಕದ ಹಾರ ಹ್ಯಾಂಡಲ್ಲಿಗೆ ನೇತುಬಿದ್ದಿತ್ತು, ಬಿಸಿಲಿಗೆ ಬಾಡಿ ಕಪ್ಪಾಗಿ. ಅಹಮದಾಬಾದಿನ ಗಾಡಿಯೂ ಹೋಗಿತ್ತು, ಸೂರತ್‌ ಕಡೆಯದೂ ಹೋಗಿತ್ತು. ಯಾವುದನ್ನು ಹತ್ತಿದ ಎಂದು ಹೇಳುವವರು ಯಾರೂ ಇರಲಿಲ್ಲ.

ಹಾರ ಬಿಚ್ಚಿಕೊಂಡು, ಮನೆಗೆ ತಿರುಗಿ ಬಂದು ಮೇಡಂ ಕೈಗೆ ಕೊಟ್ಟೆ. ಅವರು ಅದನ್ನು ಕಮಲಾಕ್ಷಮ್ಮನ ಮುಂದೆ ಇಟ್ಟರು. ಆ ತಾಯಿ ಹಾರ ಮುಟ್ಟಲಿಲ್ಲ.

“ನನ್ನ ಸಲುವಾಗಿ ಓಡ್ಯಾನ,” ಎಂದರು. “ಚೀಲ ಇಟ್ಟಾಕಿ ನಾ ಅಂತ ಗೊತ್ತಾತಲ್ಲ, ಪೊಲೀಸರು ನನ್ನ ಹಿಡಿಯಬಾರದು, ತನ್ನ ಹಿಂದ ಬೀಳಲಿ ಅಂತ ಓಡ್ಯಾನ. ಹೌದಲ್ರೀ ಹಾಲಪ್ಪಣ್ಣ? ನೀವರ ಹೌದನ್ರಿ.”

ನಾನು ಹಾರದಿಂದ ಉದುರಿದ ಹೂಗಳನ್ನು ಆಯತೊಡಗಿದೆ.

ಮೇಡಂ ಫೋನು ತೆಗೆದು ಗೋಹಿಲರ ನಂಬರು ಒತ್ತಿದರು. ಆ ಕಡೆಯಿಂದ “ಬೋಲೋ ಮಂದಾಬೆನ್” ಎಂದದ್ದು ನನಗೂ ಕೇಳಿಸಿತು. ಅವರು ಗೋಡೆಯ ಮೇಲಿನ ನಕ್ಷೆಯ ಕೆಂಪನ್ನೇ ನೋಡುತ್ತ, ತಾವು ಮಾತು ಕೊಟ್ಟು ಬಿಡಿಸಿದ ಹುಡುಗನ ಹೆಸರು ಹೇಳಿದರು. ಊರು ಬಿಟ್ಟು ಹೋಗಿದ್ದಾನೆ, ಇವತ್ತು ಬೆಳಿಗ್ಗೆ, ಎಂದರು.